ಕೊಳೆಮದ್ದಿಗೆ ಮಳೆ ಸೂಚನೆ: ಲ್ಯಾಂಬ್ಡಾಕ್ಕೆ ಹಾಕಿ, ಬಿಡುಗಡೆ ತಾನಾಗೇ ಆಗುವಂತೆ ಮಾಡುವುದು ಹೇಗೆ?

ಸಿರ್ಸಿ_ಸೀಮೆ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಶುರುವಾದರೆ ಅಡಿಕೆ ತೋಟದವರ ಮನೆಯಲ್ಲಿ ದಿನಾ ಕೇಳುವುದು ಒಂದೇ ಮಾತು: ಇವತ್ತು ಮದ್ದು ಹೊಡೆಸಬಹುದಾ, ಬೇಡ್ವಾ? ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ಮದ್ದು) ಹೊಡೆದರೆ ಅದು ಅಡಿಕೆ ಕೊನೆಯ (ಗೊನೆಯ) ಮೇಲೆ ಕೂತು ಒಣಗಬೇಕು. ಅಷ್ಟು ಹೊತ್ತು ಮಳೆ ಬಿಟ್ಟು ಹೊಳವಾಗಿರಬೇಕು.

ಊರಿನ ಕೆಲವರು ಸೇರಿ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇವೆ. ಅದು ಓಪನ್-ಮೀಟಿಯೊ ಅನ್ನುವ ಹವಾಮಾನ ಸೇವೆಯಿಂದ ಗಂಟೆಗಂಟೆಯ ಮಳೆ ಮುನ್ಸೂಚನೆ ತರುತ್ತದೆ. ಮುಂದಿನ ಎರಡು ದಿನದಲ್ಲಿ ಹೊಳವು ಯಾವಾಗ ಸಿಗಬಹುದು ಅಂತ ಹುಡುಕಿ ಬೆಳಿಗ್ಗೆ 5 ಗಂಟೆಗೆ ಟೆಲಿಗ್ರಾಂ ಗುಂಪಿಗೆ ಕಳಿಸುತ್ತದೆ. ಯಾರಾದರೂ ಊರ ಹೆಸರು ಕಳಿಸಿ ಕೇಳಿದರೆ ಉತ್ತರವನ್ನೂ ಕೊಡುತ್ತದೆ.

ಈಗ ಇದೆಲ್ಲ ಓಡುತ್ತಿರುವುದು ಒಬ್ಬರ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ. ಜೋರು ಗಾಳಿ-ಮಳೆ ಬಂದರೆ ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಇನ್ವರ್ಟರ್ ಕೂಡ ಖಾಲಿ. ಸೂಚನೆ ಬೇಕೇ ಬೇಕು ಅನ್ನುವ ದಿನವೇ ಸೂಚನೆ ಬರುವುದಿಲ್ಲ. ಹಾಗಾಗಿ ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್) ಲ್ಯಾಂಬ್ಡಾಕ್ಕೆ, ಅಂದರೆ ಬೇಕಾದಾಗ ಮಾತ್ರ ನಮ್ಮ ಕೋಡ್ ಓಡಿಸುವ ಸೇವೆಗೆ, ಹಾಕೋಣ ಅಂತ ಇದ್ದೇವೆ.

ಇನ್ನೊಂದು ತೊಂದರೆ ಇದೆ. ಕೋಡ್ ತಿದ್ದುವವರು ಮೂರ್ನಾಲ್ಕು ಜನ, ಒಬ್ಬರು ಬೆಂಗಳೂರಿನಲ್ಲಿದ್ದಾರೆ. ಪರೀಕ್ಷೆಗೆ ಅಂತ ಲ್ಯಾಂಬ್ಡಾದಲ್ಲಿ ಹಾಕಿರುವುದನ್ನು ಒಬ್ಬೊಬ್ಬರೂ ತಮ್ಮ ಲ್ಯಾಪ್‌ಟಾಪಿನಿಂದ ಜಿಪ್ ಮಾಡಿ ಬ್ರೌಸರಿನಲ್ಲೇ ಏರಿಸುತ್ತಾರೆ. ಈಗ ಓಡುತ್ತಿರುವುದು ಯಾರ ಕೋಡ್ ಅಂತ ಕೇಳಿದರೆ ಯಾರೂ ಖಚಿತವಾಗಿ ಹೇಳುವುದಿಲ್ಲ. ಕೋಡ್ ಇಡುವ ಗಿಟ್‌ಹಬ್‌ನಲ್ಲಿ ಮೇನ್ ಬ್ರ್ಯಾಂಚಿಗೆ (ಮುಖ್ಯ ಪ್ರತಿಗೆ) ಸೇರಿಸಿದ್ದು ಪರೀಕ್ಷೆ ದಾಟಿ ತಾನಾಗೇ ಹೋಗಿ ಕೂರಬೇಕು. ತಿಂಗಳ ಖರ್ಚು ಆದಷ್ಟು ಸೊನ್ನೆ ಇರಬೇಕು. ದಾರಿ ಹೇಳಿ.

ಕಾಳಿ_ದಂಡೆ

ಕಾರವಾರದಿಂದ ನಮಸ್ಕಾರ. ಒಳ್ಳೇ ಕೆಲಸ ಮಾಡ್ತಿದ್ದೀರಿ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇಂಥ ಸಣ್ಣ ಪ್ರೋಗ್ರಾಂಗೆ ಇಷ್ಟೆಲ್ಲ ಬೇಕಾ ಅಂತ ಜನ ಬಿಟ್ಟುಬಿಡುವ ಭಾಗವೇ ಆಮೇಲೆ ತೊಂದರೆ ಕೊಡುವುದು.

ಮೊದಲು, ಬ್ರೌಸರಿನಲ್ಲಿ ಏರಿಸುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ. ಫಂಕ್ಷನ್ (ಲ್ಯಾಂಬ್ಡಾದಲ್ಲಿ ಓಡುವ ಪ್ರೋಗ್ರಾಂ), ಅದರ ವೇಳಾಪಟ್ಟಿ, ಅನುಮತಿ ಎಲ್ಲವನ್ನೂ ಒಂದು ಸ್ಯಾಮ್ ಟೆಂಪ್ಲೇಟ್ ಫೈಲಿನಲ್ಲಿ ಬರೆದು ಕೋಡ್ ಜೊತೆಗೇ ರೆಪೊದಲ್ಲಿ (ಗಿಟ್‌ಹಬ್‌ನಲ್ಲಿ ಕೋಡ್ ಇಡುವ ಜಾಗ) ಇಡಿ. ಸ್ಯಾಮ್ ಅಂದರೆ ಎಡಬ್ಲ್ಯೂಎಸ್‌ನವರೇ ಕೊಟ್ಟಿರುವ ಸಲಕರಣೆ. ಒಳಗೆ ಕ್ಲೌಡ್‌ಫಾರ್ಮೇಶನ್ (ಟೆಂಪ್ಲೇಟ್ ನೋಡಿ ಎಲ್ಲ ಕಟ್ಟುವ ಸೇವೆ) ಕೆಲಸ ಮಾಡುತ್ತದೆ, ಹಾಗಾಗಿ ಅರ್ಧದಲ್ಲಿ ಕೆಟ್ಟರೆ ತಾನೇ ಹಿಂದಿನ ಸ್ಥಿತಿಗೆ ಮರಳುತ್ತದೆ.

ಟೆಂಪ್ಲೇಟಿನಲ್ಲಿ ಎರಡು ಫಂಕ್ಷನ್ ಮಾಡಿ. ಒಂದು ಬೆಳಗಿನ ಸೂಚನೆಗೆ, ಇನ್ನೊಂದು ಕೇಳಿದವರಿಗೆ ಉತ್ತರಿಸೋಕೆ. ಲೆಕ್ಕ ಹಾಕುವ ಕೋಡ್ ಎರಡಕ್ಕೂ ಒಂದೇ ಇರಲಿ. ಎರಡನೆಯದಕ್ಕೆ ಫಂಕ್ಷನ್ ಯುಆರ್‌ಎಲ್ (ಫಂಕ್ಷನ್‌ನ ವೆಬ್ ವಿಳಾಸ) ಸಾಕು. ಟೆಲಿಗ್ರಾಂ ವೆಬ್‌ಹುಕ್ (ಸಂದೇಶ ಬಂದಾಗ ಟೆಲಿಗ್ರಾಂ ಆ ವಿಳಾಸವನ್ನು ಕರೆಯುವ ಏರ್ಪಾಡು) ಹಾಕುವಾಗ ಒಂದು ಗುಟ್ಟಿನ ಟೋಕನ್ ಕೊಡಬಹುದು. ಪ್ರತಿ ಕರೆಯ ಹೆಡರಿನಲ್ಲಿ ಅದು ವಾಪಸ್ ಬರುತ್ತದೆ. ಅದು ಹೊಂದದ ಕರೆಯನ್ನು ಬಾಗಿಲಲ್ಲೇ ತಳ್ಳಿಬಿಡಿ.

ಲ್ಯಾಂಬ್ಡಾದ ಕಾಯುವ ಅವಧಿ, ಅಂದರೆ ಟೈಮ್‌ಔಟ್, ನೀವು ಏನೂ ಹೇಳದಿದ್ದರೆ ಬರೀ 3 ಸೆಕೆಂಡ್. ಹೊರಗಿನ ಸೇವೆಯಿಂದ ದತ್ತಾಂಶ ತರೋಕೆ ಅದು ಸಾಲದು. 30 ಸೆಕೆಂಡ್ ಇಡಿ. ಮೆಮೊರಿ ಕೂಡ ತಾನಾಗೇ ಸಿಗುವುದು 128 ಎಂಬಿ, 256 ಮಾಡಿ. ಮೆಮೊರಿ ಹೆಚ್ಚಿಸಿದಷ್ಟೂ ಸಿಪಿಯು ಪಾಲು ಕೂಡ ಹೆಚ್ಚು ಸಿಗುತ್ತದೆ. ಊರಿಗೊಂದು ಕರೆ ಮಾಡಬೇಡಿ. ಓಪನ್-ಮೀಟಿಯೊಗೆ ಒಂದೇ ಕರೆಯಲ್ಲಿ ಹಲವು ಊರುಗಳ ಅಕ್ಷಾಂಶ-ರೇಖಾಂಶ ಕೊಡಬಹುದು.

ಇನ್ನು ಮುಖ್ಯವಾದದ್ದು ಕೀಲಿ. ಗಿಟ್‌ಹಬ್‌ನಿಂದ ಎಡಬ್ಲ್ಯೂಎಸ್‌ಗೆ ಹೋಗೋಕೆ ಸುಮಾರು ಜನ ಐಎಎಂ (ಎಡಬ್ಲ್ಯೂಎಸ್‌ನ ಅನುಮತಿ ವ್ಯವಸ್ಥೆ) ಬಳಕೆದಾರನನ್ನು ಮಾಡಿ, ಅವನ ಆಕ್ಸೆಸ್ ಕೀ ತಂದು ಗಿಟ್‌ಹಬ್ ಸೀಕ್ರೆಟ್‌ನಲ್ಲಿ ಇಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕೀಗೆ ಅವಧಿ ಇಲ್ಲ, ಸೋರಿದರೆ ನಿಮಗೆ ಗೊತ್ತೂ ಆಗುವುದಿಲ್ಲ. ಅದರ ಬದಲು ಒಐಡಿಸಿ, ಅಂದರೆ ಕೀ ಇಡದೆ ಗುರುತು ಖಾತ್ರಿ ಮಾಡುವ ವಿಧಾನ, ಬಳಸಿ. 2021ರಿಂದಲೇ ಇದು ಇದೆ. ಕೆಲಸ ಓಡುವಾಗ ಗಿಟ್‌ಹಬ್ ಒಂದು ಸಹಿ ಮಾಡಿದ ಟೋಕನ್ ಕೊಡುತ್ತದೆ. ಎಡಬ್ಲ್ಯೂಎಸ್ ಅದನ್ನು ನೋಡಿ, ಇದು ಇಂಥ ರೆಪೊದ ಇಂಥ ಬ್ರ್ಯಾಂಚಿನಿಂದ ಬಂದಿದೆ ಅಂತ ಖಾತ್ರಿ ಮಾಡಿಕೊಂಡು ಸ್ವಲ್ಪ ಹೊತ್ತಿನ ಮಟ್ಟಿಗೆ ಅನುಮತಿ ಕೊಡುತ್ತದೆ. ಎಲ್ಲೂ ಏನೂ ಉಳಿಯುವುದಿಲ್ಲ.

ಅಲ್ಲಿ ರೋಲ್‌ನ (ಆ ಅನುಮತಿಗಳ ಕಟ್ಟಿನ) ಟ್ರಸ್ಟ್ ಪಾಲಿಸಿಯಲ್ಲಿ, ಅಂದರೆ ಯಾರಿಗೆ ಕೊಡಬಹುದು ಅನ್ನುವ ನಿಯಮದಲ್ಲಿ, ‘ಸಬ್’ ಅನ್ನುವ ಷರತ್ತು ಇರುತ್ತದೆ. ರೆಪೊ ಹೆಸರಿನ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಮುಗಿಸುವವರೇ ಜಾಸ್ತಿ. ಹಾಗೆ ಬಿಟ್ಟರೆ ಯಾವ ಬ್ರ್ಯಾಂಚಿನಿಂದ ಬೇಕಾದರೂ ನಿಜವಾದ ಫಂಕ್ಷನ್ ಬದಲಾಯಿಸಬಹುದು. ಮೇನ್ ಬ್ರ್ಯಾಂಚ್ ಅಂತ ಪೂರ್ತಿ ಬರೆಯಿರಿ.

ಅಘನಾಶಿನಿ

ನಾನು ಕುಮಟಾ. ಒಂದು ಸಂಶಯ. ಗಿಟ್‌ಹಬ್ ಆಕ್ಷನ್ಸ್‌ನಲ್ಲೇ (ಗಿಟ್‌ಹಬ್ ತಾನೇ ಕೆಲಸ ಓಡಿಸುವ ಸೌಲಭ್ಯ) ದಿನಾ ಇಂಥ ಹೊತ್ತಿಗೆ ಓಡು ಅಂತ ಹೇಳಬಹುದಲ್ವಾ? ಮತ್ತೆ ಲ್ಯಾಂಬ್ಡಾ ಯಾಕೆ? ಸುಮ್ನೆ ಕೆಲಸ ಹೆಚ್ಚಾಗ್ತದೆ. ಮತ್ತೆ ಎಡಬ್ಲ್ಯೂಎಸ್‌ಗೆ ಕಾರ್ಡ್ ಕೊಡಬೇಕು, ಬಿಲ್ ಬಂದರೆ ಯಾರು ಕಟ್ಟುವುದು?

ಶರಾವತಿ_ತೀರ

ಗಿಟ್‌ಹಬ್‌ನ ವೇಳಾಪಟ್ಟಿ ನಂಬಿ ಬೆಳಗಿನ 5 ಗಂಟೆಯ ಕೆಲಸ ಮಾಡೋಕೆ ಆಗುವುದಿಲ್ಲ ಮಾರಾಯ್ರೆ. ಅಲ್ಲಿ ಒತ್ತಡ ಇದ್ದಾಗ ಕೆಲಸ ತಡವಾಗಿ ಶುರುವಾಗುತ್ತದೆ, ಕೆಲವೊಮ್ಮೆ ಬಿಟ್ಟೇ ಹೋಗುತ್ತದೆ. ಸಾರ್ವಜನಿಕ ರೆಪೊದಲ್ಲಿ 60 ದಿನ ಯಾರೂ ಏನೂ ಮಾಡದಿದ್ದರೆ ವೇಳಾಪಟ್ಟಿಯೇ ನಿಂತುಹೋಗುತ್ತದೆ. ಬೇಸಿಗೆಯಲ್ಲಿ ಯಾರೂ ಕೋಡ್ ಮುಟ್ಟಿರುವುದಿಲ್ಲ. ಜೂನ್ ಬಂದಾಗ ನೋಡಿದರೆ ಸೂಚನೆ ಇಲ್ಲ. ಅಲ್ಲದೆ ಜನ ಕೇಳಿದಾಗ ಆಗಲೇ ಉತ್ತರ ಕೊಡುವ ಕೆಲಸ ಅಲ್ಲಿ ಆಗುವುದಿಲ್ಲ.

ಬಿಲ್ ವಿಷಯ. ಲ್ಯಾಂಬ್ಡಾದಲ್ಲಿ ತಿಂಗಳಿಗೆ 10 ಲಕ್ಷ ಕರೆ, 4 ಲಕ್ಷ ಜಿಬಿ-ಸೆಕೆಂಡ್ (ಮೆಮೊರಿ ಗುಣಿಸು ಓಡಿದ ಸೆಕೆಂಡ್) ಉಚಿತ. 256 ಎಂಬಿಯ ಫಂಕ್ಷನ್ 20 ಸೆಕೆಂಡ್ ಓಡಿದರೆ 5 ಜಿಬಿ-ಸೆಕೆಂಡ್. ದಿನಕ್ಕೊಮ್ಮೆ ಅಂದರೆ ತಿಂಗಳಿಗೆ 150. ಜನ ಕೇಳುವ ಪ್ರಶ್ನೆ ಎಷ್ಟೇ ಸೇರಿಸಿದರೂ ಒಂದು ಮೂಲೆಗೂ ಸಾಲುವುದಿಲ್ಲ. ಆದರೆ ಮೂರು ವಿಷಯ ನೋಡಿಕೊಳ್ಳಿ. ಕ್ಲೌಡ್‌ವಾಚ್ ಲಾಗ್‌ಗಳು (ಫಂಕ್ಷನ್ ಓಡಿದ ದಾಖಲೆ) ನೀವು ಹೇಳದಿದ್ದರೆ ಎಂದಿಗೂ ಅಳಿಯುವುದಿಲ್ಲ, ಟೆಂಪ್ಲೇಟಿನಲ್ಲೇ 14 ದಿನ ಅಂತ ಬರೆಯಿರಿ. ಬಜೆಟ್ ಎಚ್ಚರಿಕೆ ಹಾಕಿ. ಇನ್ನು 2025ರ ಜುಲೈ 15ರಿಂದ ಈಚೆಗೆ ತೆರೆದ ಖಾತೆಯಾದರೆ ಉಚಿತ ಯೋಜನೆ ಹೆಚ್ಚೆಂದರೆ 6 ತಿಂಗಳು. ಅಷ್ಟರೊಳಗೆ ಪಾವತಿ ಯೋಜನೆಗೆ ಬದಲಿಸದಿದ್ದರೆ ಖಾತೆಯೇ ಮುಚ್ಚುತ್ತದೆ. ಬದಲಿಸಿದರೂ ಮೇಲೆ ಹೇಳಿದ ಲ್ಯಾಂಬ್ಡಾ ಉಚಿತ ಮಿತಿ ಹಾಗೇ ಇರುತ್ತದೆ. ಜನವರಿಯಲ್ಲಿ ಖಾತೆ ತೆರೆದು ಮರೆತರೆ ಜುಲೈಯಲ್ಲಿ, ಕೊಳೆ ಜೋರಾಗಿರುವಾಗ, ಎಲ್ಲ ಬಂದ್.

ಸಿರ್ಸಿ_ಸೀಮೆ

ತುಂಬ ಉಪಕಾರ. ಒಂದು ವಿಷಯ ಹೇಳಲು ಬಿಟ್ಟಿದ್ದೆ. ನಮ್ಮ ಕೋಡ್‌ನಲ್ಲಿ ಪ್ಯಾಂಡಾಸ್ (ದತ್ತಾಂಶ ಲೆಕ್ಕದ ಪೈಥಾನ್ ಲೈಬ್ರರಿ) ಇದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಜಿಪ್ ಮಾಡಿ ಏರಿಸಿದರೆ ಅದಕ್ಕೆ ಬೇಕಾದ ನಮ್‌ಪೈ ಸಿಗುತ್ತಿಲ್ಲ ಅಂತ ದೋಷ ಬರುತ್ತದೆ.

ಕಾಳಿ_ದಂಡೆ

ವಿಂಡೋಸ್‌ನಲ್ಲಿ ಇಳಿಸಿದ ನಮ್‌ಪೈ ಒಳಗೆ ವಿಂಡೋಸ್‌ಗೆ ಅಂತ ಕಂಪೈಲ್ ಆದ ಫೈಲ್‌ಗಳಿರುತ್ತವೆ. ಲ್ಯಾಂಬ್ಡಾ ಓಡುವುದು ಅಮೆಜಾನ್ ಲಿನಕ್ಸ್ ಮೇಲೆ. ಬಿಲ್ಡ್ ಗಿಟ್‌ಹಬ್‌ನ ಉಬುಂಟು ಯಂತ್ರದಲ್ಲೇ ಆಗಲಿ. ಪೈಥಾನ್ ಆವೃತ್ತಿ, ಎಕ್ಸ್86 ಅಥವಾ ಆರ್ಮ್ ಅನ್ನುವುದು ಫಂಕ್ಷನ್‌ಗೆ ಹೇಳಿದ್ದೇ ಇರಲಿ. ಇನ್ನೂ ಸಂಶಯ ಇದ್ದರೆ ಸ್ಯಾಮ್ ಬಿಲ್ಡ್‌ಗೆ ಕಂಟೇನರ್ ಬಳಸು ಅಂತ ಹೇಳಬಹುದು.

ಆದರೆ ನನ್ನ ಕೇಳಿದರೆ ಪ್ಯಾಂಡಾಸ್ ತೆಗೆದುಬಿಡಿ. 48 ಗಂಟೆಯ ಮಳೆ ಅಂಕಿ ಅಂದರೆ 48 ಸಂಖ್ಯೆ ಅಷ್ಟೇ. ಸಾಲಾಗಿ ಎಷ್ಟು ಗಂಟೆ ಮಿತಿಗಿಂತ ಕಡಿಮೆ ಇದೆ ಅಂತ ಎಣಿಸೋಕೆ ಒಂದು ಸಾದಾ ಲೂಪ್ ಸಾಕು. ಜಿಪ್ ಬಿಚ್ಚಿದ ಮೇಲೆ 250 ಎಂಬಿ ದಾಟಬಾರದು ಅನ್ನುವ ಮಿತಿಯ ಹತ್ತಿರವೂ ಹೋಗುವುದಿಲ್ಲ. ಫಂಕ್ಷನ್ ಬೇಗ ಏಳುತ್ತದೆ.

ಗಂಗಾವಳಿ

ನಾನು ಅಂಕೋಲಾದವನು, ಬೆಂಗಳೂರಿನಲ್ಲಿ ಕೆಲಸ. ಬಿಡುಗಡೆಗೆ ಕ್ಯಾನರಿ ಹಾಕಿ. ಸ್ಯಾಮ್‌ನಲ್ಲೇ ಇದೆ. ಮೊದಲ 5 ನಿಮಿಷ 10 ಶೇಕಡಾ ಕರೆ ಮಾತ್ರ ಹೊಸ ಆವೃತ್ತಿಗೆ, ಅಲಾರಂ ಬರದಿದ್ದರೆ ಪೂರ್ತಿ ಹೊಸದು. ನಮ್ಮ ಆಫೀಸಿನಲ್ಲಿ ಎಲ್ಲ ಹೀಗೇ.

ಕಾಳಿ_ದಂಡೆ

ನಿಮ್ಮ ಆಫೀಸಿಗೆ ಅದು ಸರಿ, ನಿಮಿಷಕ್ಕೆ ಸಾವಿರಾರು ಕರೆ ಬರುತ್ತವೆ. ಇಲ್ಲಿ ಸೂಚನೆ ಫಂಕ್ಷನ್ ಓಡುವುದು ದಿನಕ್ಕೊಮ್ಮೆ. ಮಧ್ಯಾಹ್ನ ಬಿಡುಗಡೆ ಮಾಡಿದರೆ ಆ 5 ನಿಮಿಷದಲ್ಲಿ ಒಂದು ಕರೆಯೂ ಬರುವುದಿಲ್ಲ, ಅಲಾರಂ ಹೊಡೆಯುವುದಿಲ್ಲ, ಎಲ್ಲ ಚೆನ್ನಾಗಿದೆ ಅಂತ ಪೂರ್ತಿ ದಾಟಿಬಿಡುತ್ತದೆ. ನಿಜವಾದ ಪರೀಕ್ಷೆ ಆಗುವುದು ಮಾರನೇ ದಿನ ಬೆಳಿಗ್ಗೆ, ತೋಟದವರ ಎದುರು.

ಇಲ್ಲಿ ಹೀಗೆ ಮಾಡಿ. ಒಂದೇ ಸಲ ಬಿಲ್ಡ್ ಮಾಡಿ ಪ್ಯಾಕೇಜ್ ಮಾಡಿ. ಅದೇ ಪ್ಯಾಕೇಜನ್ನು ಮೊದಲು ಪರೀಕ್ಷೆಯ ಸ್ಟ್ಯಾಕಿಗೆ (ಟೆಂಪ್ಲೇಟಿನಿಂದ ಕಟ್ಟಿದ ಒಂದು ಪೂರ್ತಿ ಜೋಡಣೆಗೆ) ಹಾಕಿ. ಅದಕ್ಕೆ ಬೇರೆ ಬಾಟ್, ಬೇರೆ ಟೆಲಿಗ್ರಾಂ ಗುಂಪು, ಕೋಡ್ ತಿದ್ದುವವರು ಮಾತ್ರ ಅದರಲ್ಲಿ. ಹಾಕಿದ ತಕ್ಷಣ ಗಿಟ್‌ಹಬ್ ಆಕ್ಷನ್ಸ್‌ನ ವರ್ಕ್‌ಫ್ಲೋನೇ (ಸಾಲಾಗಿ ಓಡುವ ಕೆಲಸಗಳ ಪಟ್ಟಿ) ಆ ಫಂಕ್ಷನ್ನನ್ನು ಒಮ್ಮೆ ಕರೆಯಲಿ. ಸಂದೇಶ ಬಂತಾ, ಊರ ಹೆಸರು ಸರಿ ಇದೆಯಾ, ಹೊತ್ತು ನಮ್ಮ ಹೊತ್ತೇನಾ ಅಂತ ಒಬ್ಬರು ಕಣ್ಣಾರೆ ನೋಡಿ ಒಪ್ಪಿಗೆ ಒತ್ತಲಿ. ಆಮೇಲೆ ಅದೇ ಪ್ಯಾಕೇಜ್ ನಿಜವಾದ ಸ್ಟ್ಯಾಕಿಗೆ. ಎರಡನೇ ಸಲ ಬಿಲ್ಡ್ ಮಾಡಬಾರದು. ಮಾಡಿದರೆ ನೋಡಿದ್ದು ಒಂದು, ಹೋಗಿದ್ದು ಇನ್ನೊಂದು ಆಗಬಹುದು. ಒಪ್ಪಿಗೆ ಕೇಳುವ ಸೌಲಭ್ಯ ಗಿಟ್‌ಹಬ್ ಎನ್ವಿರಾನ್ಮೆಂಟ್‌ನಲ್ಲಿದೆ. ರೆಪೊ ಸಾರ್ವಜನಿಕವಾಗಿದ್ದರೆ ಉಚಿತ ಖಾತೆಗೂ ಸಿಗುತ್ತದೆ.

ಹಿಂದಕ್ಕೆ ಬರುವ ದಾರಿಯನ್ನೂ ಈಗಲೇ ಮಾಡಿಡಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಟೆಂಪ್ಲೇಟಿನಲ್ಲಿ ಆಟೊ ಪಬ್ಲಿಶ್ ಅಲಿಯಾಸ್ ಅಂತ ಒಂದು ಸಾಲು ಇದೆ, ಅದಕ್ಕೆ ‘ಲೈವ್’ ಅಂತ ಹೆಸರು ಕೊಡಿ. ಪ್ರತಿ ಬಿಡುಗಡೆಗೂ ಲ್ಯಾಂಬ್ಡಾ 1, 2, 3 ಅಂತ ಬದಲಾಗದ ಆವೃತ್ತಿ ಮಾಡುತ್ತದೆ, ‘ಲೈವ್’ ಹೊಸದರ ಕಡೆ ತಿರುಗುತ್ತದೆ. ಕೆಟ್ಟರೆ ಅದನ್ನು ಹಿಂದಿನ ಸಂಖ್ಯೆಗೆ ತಿರುಗಿಸಿದರೆ ಆಯಿತು, ಮತ್ತೆ ಬಿಲ್ಡ್ ಬೇಡ. ಇದನ್ನೇ ಬಟನ್ ಒತ್ತಿ ಓಡಿಸುವ ಬೇರೊಂದು ವರ್ಕ್‌ಫ್ಲೋ ಮಾಡಿ. ಬೆಳಿಗ್ಗೆ ಎದ್ದವರು ಯಾರೇ ಇರಲಿ, ಮೊಬೈಲಿನಿಂದಲೇ ಒತ್ತುವಂತಿರಬೇಕು.

ಒಂದು ಸೂಕ್ಷ್ಮ ಇದೆ. ಸಾಮಾನ್ಯವಾಗಿ ಕೋಡ್ ಬದಲಾದರೆ ಮಾತ್ರ ಸ್ಯಾಮ್ ಹೊಸ ಆವೃತ್ತಿ ಮಾಡುತ್ತದೆ. ಎನ್ವಿರಾನ್ಮೆಂಟ್ ವೇರಿಯಬಲ್ (ಫಂಕ್ಷನ್‌ಗೆ ಹೊರಗಿನಿಂದ ಕೊಡುವ ಮೌಲ್ಯ) ಮಾತ್ರ ಬದಲಿಸಿದರೆ ‘ಲೈವ್’ ಹಳೆಯದನ್ನೇ ಹಿಡಿದು ಕೂರುತ್ತದೆ. ಎಲ್ಲ ಗುಣಗಳನ್ನೂ ಗಮನಿಸು ಅನ್ನುವ ಇನ್ನೊಂದು ಸಾಲು ಅದಕ್ಕೇ ಇದೆ, ಅದನ್ನೂ ಹಾಕಿ.

ಗಂಗಾವಳಿ

ಒಪ್ಪಿದೆ. ದಿನಕ್ಕೊಮ್ಮೆ ಓಡುವುದಕ್ಕೆ ಕ್ಯಾನರಿ ಅರ್ಥವಿಲ್ಲ. ಬಾಟ್ ಟೋಕನ್ (ಬಾಟ್‌ನ ಗುಟ್ಟಿನ ಕೀಲಿ) ಎಲ್ಲಿಡುತ್ತೀರಿ? ರೆಪೊ ಸಾರ್ವಜನಿಕ ಅಂದರೆ ಹುಷಾರು.

ಶರಾವತಿ_ತೀರ

ಎಡಬ್ಲ್ಯೂಎಸ್‌ನ ಪ್ಯಾರಾಮೀಟರ್ ಸ್ಟೋರ್‌ನಲ್ಲಿ ಸೆಕ್ಯೂರ್ ಸ್ಟ್ರಿಂಗ್ (ಗೂಢಲಿಪಿ ಮಾಡಿದ ಮೌಲ್ಯ) ಆಗಿ ಇಡಿ. ಸ್ಟ್ಯಾಂಡರ್ಡ್ ದರ್ಜೆಗೆ ದುಡ್ಡಿಲ್ಲ. ಸೀಕ್ರೆಟ್ಸ್ ಮ್ಯಾನೇಜರ್ ಆದರೆ ಒಂದೊಂದು ಗುಟ್ಟಿಗೂ ತಿಂಗಳ ಬಾಡಿಗೆ. ಸೆಕ್ಯೂರ್ ಸ್ಟ್ರಿಂಗನ್ನು ಟೆಂಪ್ಲೇಟಿನಿಂದ ನೇರ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ತರೋಕೆ ಆಗುವುದಿಲ್ಲ. ಫಂಕ್ಷನ್ ಏಳುವಾಗ, ಹ್ಯಾಂಡ್ಲರ್‌ನ (ಪ್ರತಿ ಕರೆಗೂ ಓಡುವ ಭಾಗದ) ಹೊರಗೆ, ಒಮ್ಮೆ ಓದಿಕೊಳ್ಳಿ.

ಹೊತ್ತಿನ ಬಗ್ಗೆ ಯಾರೂ ಹೇಳಿಲ್ಲ. ಎಡಬ್ಲ್ಯೂಎಸ್‌ನ ಹಳೇ ಈವೆಂಟ್‌ಬ್ರಿಡ್ಜ್ ನಿಯಮದ ಕ್ರಾನ್ (ವೇಳಾಪಟ್ಟಿ ಬರೆಯುವ ಸಾಲು) ಯುಟಿಸಿಯಲ್ಲಿ, ಅಂದರೆ ಜಿಎಂಟಿ ಹೊತ್ತಿನಲ್ಲಿ, ಓಡುತ್ತದೆ. ನಮ್ಮ ಬೆಳಗಿನ 5 ಅಂದರೆ ಅಲ್ಲಿ ಹಿಂದಿನ ದಿನದ ರಾತ್ರಿ 11:30. ವಾರದ ದಿನ ಲೆಕ್ಕಕ್ಕೆ ಬಂದರಂತೂ ತಲೆ ಕೆಡುತ್ತದೆ. 2022ರಲ್ಲಿ ಬಂದ ಈವೆಂಟ್‌ಬ್ರಿಡ್ಜ್ ಶೆಡ್ಯೂಲರ್ ಬಳಸಿ. ಅದಕ್ಕೆ ಏಷ್ಯಾ/ಕೋಲ್ಕತಾ ಅಂತ ಹೇಳಿದರೆ 5 ಅಂದರೆ 5. ಓಪನ್-ಮೀಟಿಯೊ ಕೂಡ ನೀವು ಹೇಳದಿದ್ದರೆ ಜಿಎಂಟಿಯಲ್ಲೇ ಹೊತ್ತು ಕೊಡುತ್ತದೆ. ಅಲ್ಲೂ ಅದೇ ವಲಯ ಕೊಡಿ. ಇಲ್ಲದಿದ್ದರೆ ಮಧ್ಯಾಹ್ನದ ಮಳೆಯನ್ನು ಬೆಳಗಿನದು ಅಂತ ತೋರಿಸುತ್ತದೆ. ಮದ್ದಿನ ವಿಷಯದಲ್ಲಿ ಐದೂವರೆ ಗಂಟೆ ಅಂದರೆ ಸಣ್ಣ ವ್ಯತ್ಯಾಸ ಅಲ್ಲ.

ತೋಟದ_ಮನೆ

ನಾನು ಸಿದ್ದಾಪುರ ಕಡೆಯವನು. ನಿಮ್ಮ ಕಂಪ್ಯೂಟರ್ ಮಾತು ನನಗೆ ಅರ್ಥ ಆಗುವುದಿಲ್ಲ, ಆದರೆ ಈ ಸೂಚನೆ ಓದುವವರಲ್ಲಿ ನಾನೂ ಒಬ್ಬ. ಬೆಳಿಗ್ಗೆ 5ಕ್ಕೆ ಹೇಳಿದರೆ ತಡ ಆಗ್ತದೆ ತಮ್ಮಾ. ಕೊನೆಗೌಡರಿಗೆ (ಮರ ಹತ್ತಿ ಮದ್ದು ಹೊಡೆಯುವವರಿಗೆ) ಹಿಂದಿನ ರಾತ್ರಿಯೇ ಹೇಳಬೇಕು, ಇಲ್ಲದಿದ್ದರೆ ಅವರು ಬೇರೆ ತೋಟಕ್ಕೆ ಹೋಗಿಬಿಡುತ್ತಾರೆ. ಮೈಲುತುತ್ತ ರಾತ್ರಿಯೇ ನೆನೆಹಾಕಿಟ್ಟರೆ ಬೆಳಿಗ್ಗೆ ಕರಗಿರುತ್ತದೆ. ಸುಣ್ಣದ ಜೊತೆ ಕೂಡಿಸಿದ ಮೇಲೆ ಮಾತ್ರ ಇಡುವ ಹಾಗಿಲ್ಲ, ಆ ದಿನವೇ ಹೊಡೆದು ಮುಗಿಸಬೇಕು. 1 ಕಿಲೋ ತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕದಡಿದ ಮೇಲೆ ಮಳೆ ಹಿಡಿದರೆ ಅಷ್ಟೂ ದಂಡ.

ಹಾಗಾಗಿ ರಾತ್ರಿ 7:30ಕ್ಕೆ ಒಂದು ಕಳಿಸಿ. ಬೆಳಿಗ್ಗೆ ಬದಲಾಗಿದ್ದರೆ ಮಾತ್ರ ಇನ್ನೊಂದು ಕಳಿಸಿ. ಬದಲಾಗದಿದ್ದರೆ ಸುಮ್ಮನಿರಲಿ. ದಿನಾ ಎರಡು ಸಲ ಬಂದರೆ ಜನ ಓದುವುದನ್ನೇ ಬಿಡುತ್ತಾರೆ.

ಸಿರ್ಸಿ_ಸೀಮೆ

ಅಣ್ಣ, ನೀವು ಹೇಳಿದ್ದು ನಮ್ಮ ಕೋಡ್‌ಗಿಂತ ಬೆಲೆಯುಳ್ಳದ್ದು. ಹಾಗೇ ಮಾಡ್ತೇವೆ. ರಾತ್ರಿ ಏನು ಕಳಿಸಿದೆವು ಅಂತ ಬೆಳಿಗ್ಗೆ ಫಂಕ್ಷನ್‌ಗೆ ಗೊತ್ತಿರಬೇಕಲ್ಲ, ಅದಕ್ಕೇನು ಮಾಡುವುದು?

ಶರಾವತಿ_ತೀರ

ಎಡಬ್ಲ್ಯೂಎಸ್‌ನ ದತ್ತಸಂಚಯ ಡೈನಮೊಡಿಬಿಯಲ್ಲಿ ಒಂದು ಪುಟ್ಟ ಟೇಬಲ್. ತಾರೀಕು ಮತ್ತು ಊರು ಸೇರಿ ಕೀ, ಕಳಿಸಿದ ಹೊಳವಿನ ಹೊತ್ತು ಅದರ ಮೌಲ್ಯ. ಇದರಿಂದ ಇನ್ನೊಂದು ಉಪಯೋಗ ಇದೆ. ಹೀಗೆ ವೇಳಾಪಟ್ಟಿಯಿಂದ ಕರೆದ ಫಂಕ್ಷನ್ ದೋಷ ಕೊಟ್ಟರೆ ಲ್ಯಾಂಬ್ಡಾ ತಾನಾಗೇ ಇನ್ನೂ ಎರಡು ಸಲ ಓಡಿಸುತ್ತದೆ. ಸಂದೇಶ ಕಳಿಸಿದ ಮೇಲೆ ದೋಷ ಬಂದಿದ್ದರೆ ಗುಂಪಿಗೆ ಒಂದೇ ಸಂದೇಶ ಮೂರು ಸಲ ಹೋಗುತ್ತದೆ. ಆ ತಾರೀಕಿನ ಸಾಲು ಇಲ್ಲದಿದ್ದರೆ ಮಾತ್ರ ಬರೆ ಅನ್ನುವ ಷರತ್ತು ಹಾಕಿ, ಬರೆಯೋಕೆ ಆದರೆ ಮಾತ್ರ ಕಳಿಸಿ. ಟೆಲಿಗ್ರಾಂ ಕೂಡ ವೆಬ್‌ಹುಕ್‌ಗೆ ಸರಿಯಾದ ಉತ್ತರ ಬರದಿದ್ದರೆ ಅದನ್ನೇ ಮತ್ತೆ ಕಳಿಸುತ್ತದೆ. ಅಪ್‌ಡೇಟ್ ಐಡಿ ನೋಡಿ ಒಮ್ಮೆ ಮಾತ್ರ ಉತ್ತರಿಸಿ.

ಸಿರ್ಸಿ_ಸೀಮೆ

ಒಐಡಿಸಿ ಹಾಕಿದೆವು. ಪರೀಕ್ಷೆಯ ಸ್ಟ್ಯಾಕ್ ಸಲೀಸಾಗಿ ಹೋಯಿತು. ನಿಜವಾದ ಸ್ಟ್ಯಾಕಿನ ಕೆಲಸದಲ್ಲಿ ಮಾತ್ರ, ಒಪ್ಪಿಗೆ ಒತ್ತಿದ ಮೇಲೆ, ರೋಲ್ ತೆಗೆದುಕೊಳ್ಳಲು ಅಧಿಕಾರವಿಲ್ಲ ಅಂತ ಎಡಬ್ಲ್ಯೂಎಸ್ ನಿರಾಕರಿಸುತ್ತಿದೆ. ಎರಡೂ ಮೇನ್ ಬ್ರ್ಯಾಂಚಿನಿಂದಲೇ ಓಡುತ್ತಿವೆ.

ಕಾಳಿ_ದಂಡೆ

ಕೆಲಸಕ್ಕೆ ಎನ್ವಿರಾನ್ಮೆಂಟ್ ಹೆಸರು ಕೊಟ್ಟ ಕೂಡಲೇ ಗಿಟ್‌ಹಬ್ ಟೋಕನ್‌ನ ‘ಸಬ್’ ಬದಲಾಗುತ್ತದೆ. ಬ್ರ್ಯಾಂಚ್ ಹೆಸರು ಇರುವ ಜಾಗದಲ್ಲಿ ಎನ್ವಿರಾನ್ಮೆಂಟ್ ಹೆಸರು ಬರುತ್ತದೆ. ಪರೀಕ್ಷೆಯ ಕೆಲಸಕ್ಕೆ ಎನ್ವಿರಾನ್ಮೆಂಟ್ ಕೊಟ್ಟಿಲ್ಲ, ಹಾಗಾಗಿ ಅದು ದಾಟಿದೆ. ಎರಡಕ್ಕೂ ಬೇರೆ ಬೇರೆ ರೋಲ್ ಮಾಡಿ. ನಿಜವಾದದ್ದರ ಟ್ರಸ್ಟ್ ಪಾಲಿಸಿಯಲ್ಲಿ ಎನ್ವಿರಾನ್ಮೆಂಟ್ ಹೆಸರನ್ನೇ ಬರೆಯಿರಿ. ಈ ಎನ್ವಿರಾನ್ಮೆಂಟನ್ನು ಮೇನ್ ಬ್ರ್ಯಾಂಚ್ ಮಾತ್ರ ಬಳಸಬಹುದು ಅಂತ ಗಿಟ್‌ಹಬ್ ಕಡೆ ಕಟ್ಟು ಹಾಕಿ. ದೋಷ ಬಂತು ಅಂತ ನಕ್ಷತ್ರ ಹಾಕಿ ದಾಟಿಸಬೇಡಿ.

ವರ್ಕ್‌ಫ್ಲೋದ ಪರ್ಮಿಶನ್ಸ್‌ನಲ್ಲಿ ಐಡಿ ಟೋಕನ್‌ಗೆ ಬರೆಯುವ ಅನುಮತಿ ಕೊಟ್ಟಿದ್ದೀರಲ್ಲ, ಅಲ್ಲೇ ಕಂಟೆಂಟ್ಸ್‌ಗೆ ಓದುವ ಅನುಮತಿಯನ್ನೂ ಬರೆಯಿರಿ. ಒಂದನ್ನು ಹೇಳಿದರೆ ಹೇಳದ ಉಳಿದವೆಲ್ಲ ಇಲ್ಲ ಅಂತಲೇ ಲೆಕ್ಕ.

ಸಿರ್ಸಿ_ಸೀಮೆ

ಅದೇ ಕಾರಣ. ಸರಿಹೋಯಿತು. ಆವೃತ್ತಿ ಸಂಖ್ಯೆ ಕೂಡ ತಾನಾಗೇ ಬರುವ ಹಾಗೆ ಮಾಡಬಹುದಾ?

ಗಂಗಾವಳಿ

ರಿಲೀಸ್ ಪ್ಲೀಸ್ ಅನ್ನುವ ಸಲಕರಣೆ ಬಳಸಿ. ಕಮಿಟ್ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆ) ಸಾಲಿನ ಮೊದಲಲ್ಲಿ ಫಿಕ್ಸ್ ಅಂತಿದ್ದರೆ ಕೊನೆಯ ಅಂಕಿ ಏರುತ್ತದೆ, ಫೀಟ್ ಅಂತಿದ್ದರೆ ನಡುವಿನದು. 1.4.2 ಇದ್ದದ್ದು 1.4.3 ಅಥವಾ 1.5.0 ಆಗುತ್ತದೆ. ಆ ಒಂದು ಪದ ಬಿಟ್ಟು ಉಳಿದದ್ದು ಕನ್ನಡದಲ್ಲೇ ಇರಲಿ, ಬದಲಾವಣೆ ಪಟ್ಟಿಯೂ ಕನ್ನಡದಲ್ಲೇ ಬರುತ್ತದೆ. ಗಿಟ್‌ಹಬ್‌ನ ಮಾಮೂಲಿ ಟೋಕನ್‌ನಿಂದ ಹಾಕಿದ ಟ್ಯಾಗ್ (ಆವೃತ್ತಿ ಗುರುತು) ಬೇರೆ ವರ್ಕ್‌ಫ್ಲೋವನ್ನು ಎಬ್ಬಿಸುವುದಿಲ್ಲ. ಬಿಡುಗಡೆ ಕೆಲಸವನ್ನು ಅದೇ ವರ್ಕ್‌ಫ್ಲೋ ಒಳಗೇ ಇಡಿ.

ಅಘನಾಶಿನಿ

ಸೂಚನೆಯ ಕೊನೆಯಲ್ಲಿ ಆವೃತ್ತಿ ಸಂಖ್ಯೆ ಸಣ್ಣದಾಗಿ ಹಾಕಿ. ಯಾರಾದರೂ ತಪ್ಪು ತೋರಿಸಿದರೆ ಯಾವ ಕೋಡ್ ಅಂತ ಆಗಲೇ ಗೊತ್ತಾಗುತ್ತದೆ.

ಇನ್ನೊಂದು ಕೇಳೋದಿತ್ತು. ಇದೇ ದಾರಿಯಲ್ಲಿ ಬೋಟಿನವರಿಗೆ ಗಾಳಿ, ಅಲೆ ಸೂಚನೆ ಕೊಡಬಹುದಾ? ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧ, ಅಷ್ಟರಲ್ಲಿ ಪರೀಕ್ಷೆ ಮಾಡಬಹುದು ಅನ್ನಿಸಿತು.

ಕಾಳಿ_ದಂಡೆ

ತಾಂತ್ರಿಕವಾಗಿ ಆಗುತ್ತದೆ, ಆದರೆ ತೂಕ ಬೇರೆ. ಇಲ್ಲಿ ಸೂಚನೆ ತಪ್ಪಿದರೆ ಒಂದು ಬ್ಯಾರಲ್ ಮದ್ದು ಹೋಗುತ್ತದೆ. ಅಲ್ಲಿ ಜೀವದ ಪ್ರಶ್ನೆ. ಸಮುದ್ರದ ವಿಷಯದಲ್ಲಿ ನಾವೇ ಲೆಕ್ಕ ಹಾಕಿ ಹೋಗಬಹುದು ಅಂತ ಹೇಳಲೇಬಾರದು. ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆ, ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಕೊಡುವ ಅಲೆಗಳ ಮುನ್ಸೂಚನೆ ಇವನ್ನು ಹಾಗೇ, ಬದಲಿಸದೆ, ಬೇಗ ತಲುಪಿಸುವ ಕೆಲಸ ಮಾಡಬಹುದು. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನೂ ಸೇರುತ್ತೇನೆ.

ತೋಟದ_ಮನೆ

ರಾತ್ರಿಯ ಸೂಚನೆ ಬಂತು, ನೋಡಿದೆ. ನಮ್ಮ ಊರಿಗೆ ಬೆಳಿಗ್ಗೆ 8ರಿಂದ 1ರವರೆಗೆ ಹೊಳವು ಅಂತಿದೆ. ಘಟ್ಟದ ಅಂಚಿನ ತೋಟಕ್ಕೂ ಪೇಟೆ ಹತ್ತಿರದ ತೋಟಕ್ಕೂ ಒಂದೇ ಲೆಕ್ಕ ಹಾಕಬೇಡಿ. ಗುಡ್ಡದ ಈಚೆ ಬಿಸಿಲು, ಆಚೆ ಮಳೆ ಇರುತ್ತದೆ.

ಸಿರ್ಸಿ_ಸೀಮೆ

ನಿಜ ಅಣ್ಣ. ಮುನ್ಸೂಚನೆಯ ಒಂದೊಂದು ಚೌಕವೂ ಹಲವು ಕಿಲೋಮೀಟರ್ ಅಗಲ ಇರುತ್ತದೆ, ಗುಡ್ಡದ ಈಚೆ-ಆಚೆ ಅದಕ್ಕೆ ಕಾಣುವುದಿಲ್ಲ. ಸೂಚನೆಯಲ್ಲೇ ‘ಅಂದಾಜು’ ಅಂತ ಸೇರಿಸಿದ್ದೇವೆ. ಘಟ್ಟದಂಚಿನ ಊರುಗಳಿಗೆ ಹೊಳವಿನ ಮಿತಿಯನ್ನು ಇನ್ನೂ ಬಿಗಿ ಮಾಡುವ ಬದಲಾವಣೆ ಈಗ ಪರೀಕ್ಷೆಯ ಗುಂಪಿನಲ್ಲಿದೆ. ಅದು ಸರಿ ಕಂಡರೆ ಮುಂದಿನ ಬಿಡುಗಡೆಯಲ್ಲಿ ಬರುತ್ತದೆ.

ಊರು ಸೇರಿಸಬೇಕಾದ ಸಿದ್ದಾಪುರ, ಯಲ್ಲಾಪುರ, ಹೊನ್ನಾವರದವರು ಊರುಗಳ ಫೈಲಿನಲ್ಲಿ ಒಂದು ಸಾಲು ಹಾಕಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿ ಅನ್ನುವ ಕೋರಿಕೆ) ಕಳಿಸಿ: ಊರ ಹೆಸರು, ಅಕ್ಷಾಂಶ, ರೇಖಾಂಶ, ಘಟ್ಟದಂಚು ಹೌದೋ ಅಲ್ಲವೋ. ಗಿಟ್‌ಹಬ್ ಬರದವರು ಇಲ್ಲೇ ಬರೆಯಿರಿ, ನಾವು ಸೇರಿಸುತ್ತೇವೆ.